ಮೂರು ತಲೆಮಾರಿನ ಆಚೆಗೆ

ಶ್ರಾದ್ಧಕರ್ಮದಲ್ಲಿ ಕರ್ತೃವು ನಾಮಗೋತ್ರಗಳನ್ನು ಹೇಳಿ ಆಹ್ವಾನಿಸುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರನ್ನು. ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಲ್ಪಡುವ ಇವರಿಂದಾಚೆಗಿನ ಹಿರಿಯರು ಹೆಸರನ್ನು ಕಳಚಿಕೊಂಡು ಪಿತೃಗಳೆಂಬ ಸಮೂಹದಲ್ಲಿ ಸೇರಿಹೋಗುತ್ತಾರೆ. ಹೀಗಿರಲು, ಹತ್ತನೆಯ ತಲೆಮಾರಿನ ಪುರುಷನಾರೆಂದು ಅರಸಹೊರಡುವುದು ಶ್ರದ್ಧೆಯೋ, ಅಹಂಕಾರದ ವಿಸ್ತರಣೆಯೋ?

ನಮ್ಮ ನಾಡಿನಲ್ಲಿ ಈ ಅರಸುವಿಕೆಗೆ ಹೆಳವರಷ್ಟು ನೆರವಾಗಬಲ್ಲವರು ವಿರಳ. ಎತ್ತನ್ನೇರಿ ಗಂಟೆಯ ಸದ್ದಿನೊಡನೆ ಊರನ್ನು ಹೊಕ್ಕು, ಒಕ್ಕಲುಮನೆಯ ಅಂಗಳದಲ್ಲಿ ನಿಂತು, ಆ ವಂಶದ ಮೂಲಪುರುಷನು ಎಲ್ಲಿಂದ ವಲಸೆ ಬಂದನು, ಅವನ ಮಕ್ಕಳು ಎಲ್ಲೆಲ್ಲಿ ಕವಲೊಡೆದರು ಎಂಬುದನ್ನು ಹೊಗಳುತ್ತ ಹೇಳಿ, ಹೊಸದಾಗಿ ಹುಟ್ಟಿದ ಕೂಸಿನ ಹೆಸರನ್ನೂ ತಮ್ಮ ಪುಸ್ತಕದಲ್ಲಿ ಬರೆದುಕೊಂಡು, ಕಾಳುಕಡಿಯ ಕಾಣಿಕೆ ಪಡೆದು ಮುಂದಣ ಮನೆಗೆ ಸಾಗುವ ಆ ಸಮುದಾಯವು, ಶಾಸನಗಳು ಅರಸುಮನೆತನಗಳಿಗೆ ಸಲ್ಲಿಸಿದ ವಂಶಾವಳಿಯ ಗೌರವವನ್ನು ಅಕ್ಷರವರಿಯದ ಬೇಸಾಯಗಾರನಿಗೂ ಸಲ್ಲಿಸಿತು. ಇದನ್ನು ನಾನು ಮಹೋಪಕಾರವೆಂದೇ ಎಣಿಸುತ್ತೇನೆ.

ಆದರೆ ತಂದೆತಾಯಿಗಳಿಬ್ಬರ ಕಡೆಯನ್ನೂ ಹಿಡಿದು ಎಣಿಸಿದರೆ, ಹತ್ತು ತಲೆಮಾರಿನ ಹಿಂದೆ ಒಬ್ಬೊಬ್ಬನಿಗೂ 1,024 ಪೂರ್ವಜಸ್ಥಾನಗಳು. ಸೋದರಸಂಬಂಧದ ವಿವಾಹಗಳುಳ್ಳ ನಮ್ಮಲ್ಲಿ ಒಬ್ಬನೇ ಹಲವು ಸ್ಥಾನಗಳಲ್ಲಿ ಬರಬಹುದಾದರೂ, ಗೋತ್ರವು ಕಾಯ್ದಿಡುವುದು ಅವುಗಳಲ್ಲಿ ಒಂದನ್ನು ಮಾತ್ರ. ಅವುಗಳ ಪೈಕಿ 512 ತಾಯಂದಿರವು.

ತರ್ಪಣದ ಕೊನೆಗೆ, ಸಂತಾನವಿಲ್ಲದೆ ಗತಿಸಿದ ಸ್ವಕುಲದವರಿಗೂ ವಸ್ತ್ರವನ್ನು ಹಿಂಡಿ ನೀರು ಸಲ್ಲಿಸುವ ಕ್ರಮವನ್ನಿಟ್ಟ ಪ್ರಾಚೀನರು, ಹೆಸರರಿಯದವರಿಗೂ ನಾವು ಋಣಿಗಳೆಂಬುದನ್ನು ಬಲ್ಲವರಾಗಿದ್ದರು. ಅರಸುವವನು ಅವಶ್ಯವಾಗಿ ಅರಸಲಿ. ಹೆಳವರ ಪುಸ್ತಕದಲ್ಲಿ ಮೂಲಪುರುಷನು ದೊರೆತ ಮೇಲೆ, ಅವನಿಗೆ ಹೆಣ್ಣುಕೊಟ್ಟ ಮನೆ ಯಾವುದೆಂಬುದನ್ನೂ ಕೇಳಲಿ.