ಚಿತ್ತವು ನೆರವೇರಬೇಕಾದದ್ದು ಈ ನೆಲದಲ್ಲಿ

ಯೇಸುಸ್ವಾಮಿ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಮೂರನೆಯ ಬೇಡಿಕೆ, ದೇವರ ಚಿತ್ತವು ಪರಲೋಕದಲ್ಲಿ ತಡೆಯಿಲ್ಲದೆ ನಡೆಯುವಂತೆ ಮನುಷ್ಯರ ಈ ಲೋಕದಲ್ಲಿಯೂ ನಡೆಯಬೇಕೆಂದು ಕೋರುತ್ತದೆ. ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ನಡೆಯುವ ತೆರ್ಸಿನಲ್ಲಿ, ಅಂದರೆ ಜಪಮಾಲೆ ಹಿಡಿದು ಕುಟುಂಬವೆಲ್ಲ ಸೇರಿ ಮಾಡುವ ಪ್ರಾರ್ಥನೆಯಲ್ಲಿ, ಹತ್ತು ಹತ್ತು ಮಣಿಗಳ ಪ್ರತಿಯೊಂದು ಸುತ್ತಿಗೂ ಮೊದಲು ಅದು ಮರಳಿ ಬರುತ್ತದೆ. ಆದರೆ ದಿನಬಳಕೆಯಲ್ಲಿ 'ಎಲ್ಲ ದೇವರ ಚಿತ್ತ' ಎಂಬ ಮಾತು ಕೇಳಿಬರುವುದು ಹೆಚ್ಚಾಗಿ ಸಾವಿನ ಮನೆಯಲ್ಲಿ. ಪಂಚಗಂಗಾವಳಿಯ ನೀರು ಕಡಲನ್ನು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ಮಳೆಗಾಲದ ಅಲೆಗೆ ಸಿಕ್ಕಿ ನಾಡದೋಣಿ ಮಗುಚಿದಾಗಲೂ ಈ ಮಾತೇ ಜನರ ಬಾಯಿಗೆ ಬರುತ್ತದೆ. ದುಃಖದಲ್ಲಿ ಆಡಿದ ಮಾತನ್ನು ಯಾರೂ ಆಕ್ಷೇಪಿಸಬಾರದು. ಆದರೆ ತೆಗೆಯದೆ ಬಿಟ್ಟ ಹೂಳಿಗೂ, ದೋಣಿಯಲ್ಲಿ ಇರದಿದ್ದ ಲೈಫ್ ಜಾಕೆಟಿಗೂ ಅದೇ ಮಾತು ಸಮಜಾಯಿಷಿಯಾದರೆ ಮನುಷ್ಯರ ಉದಾಸೀನವು ದೇವರ ತಲೆಗೆ ಬೀಳುತ್ತದೆ.

ಈ ಬೇಡಿಕೆಯ ಸರಿಯಾದ ಅರ್ಥ ಸಂಕಲ್ಪದಲ್ಲಿದೆ. ಹಾಗೆ ಬೇಡುವವನು ದೇವರ ಇಚ್ಛೆಯನ್ನು ನಡೆಸಲು ತನ್ನ ಕೈಕಾಲುಗಳನ್ನೇ ಒಪ್ಪಿಸುತ್ತಾನೆ. ಇದಕ್ಕೆ ಆಧಾರ ಮತ್ತಾಯನ ಸುವಾರ್ತೆಯಲ್ಲಿಯೇ ಇದೆ. ಲೂಕನ ಸುವಾರ್ತೆಯ ಹಳೆಯ ಹಸ್ತಪ್ರತಿಗಳಲ್ಲಿ ಈ ಪ್ರಾರ್ಥನೆ ಇದ್ದರೂ ಮೂರನೆಯ ಬೇಡಿಕೆ ಇಲ್ಲ. ಅದನ್ನು ಉಳಿಸಿಕೊಟ್ಟ ಮತ್ತಾಯನು ತಂದೆಯ ಚಿತ್ತದ ಪ್ರಸ್ತಾಪ ಬಂದೆಡೆಗಳಲ್ಲಿ ಅದನ್ನು ನಡೆಸುವ ಕ್ರಿಯೆಗೇ ಒತ್ತು ಕೊಡುತ್ತಾನೆ. ಪ್ರಭುವೇ ಎಂದು ಕೂಗಿದವರಿಗಿಂತ ತಂದೆಯ ಚಿತ್ತದಂತೆ ನಡೆದವರೇ ರಾಜ್ಯವನ್ನು ಸೇರುವರೆಂಬ ಬೋಧನೆ ಏಳನೆಯ ಅಧ್ಯಾಯದಲ್ಲಿದೆ. ಇಪ್ಪತ್ತೊಂದನೆಯ ಅಧ್ಯಾಯದ ಸಾಮತಿಯಲ್ಲಿ ಮೊದಲು ಒಲ್ಲೆನೆಂದರೂ ಆಮೇಲೆ ತೋಟಕ್ಕೆ ಹೋಗಿ ದುಡಿದ ಮಗನೇ ತಂದೆಯ ಇಚ್ಛೆಯನ್ನು ಪೂರೈಸಿದವನೆಂದು ಮೆಚ್ಚುಗೆ ಪಡೆಯುತ್ತಾನೆ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಬಿಷಪರಾಗಿದ್ದ ಸಂತ ಸಿಪ್ರಿಯಾನರು ಈ ಪ್ರಾರ್ಥನೆಗೆ ಬರೆದ ವ್ಯಾಖ್ಯಾನದಲ್ಲಿ, ದೇವರು ಇಚ್ಛಿಸಿದ್ದನ್ನು ಮಾಡದಂತೆ ದೇವರನ್ನು ತಡೆಯಬಲ್ಲವರು ಯಾರೂ ಇಲ್ಲದಿರುವುದರಿಂದ, ಅದನ್ನು ಮಾಡುವ ಶಕ್ತಿ ಮನುಷ್ಯರಿಗೆ ದೊರೆಯಲೆಂಬುದೇ ಇಲ್ಲಿಯ ಕೋರಿಕೆ ಎಂದು ವಿವರಿಸಿದರು; ಆ ನಗರದಲ್ಲಿ ಮಹಾಮಾರಿ ಹಬ್ಬಿದಾಗ ರೋಗಿಗಳ ಆರೈಕೆಗೆ ತಮ್ಮ ಸಭೆಯನ್ನು ಹಚ್ಚಿದವರೂ ಅವರೇ.

ಗೆತ್ಸೆಮನೆಯ ತೋಪಿನಲ್ಲಿ ಯೇಸುಸ್ವಾಮಿ ತಂದೆಯ ಚಿತ್ತಕ್ಕೆ ತಲೆಬಾಗಿದ್ದನ್ನು ತೋರಿಸಿ ಇದು ಶರಣಾಗತಿಯ ಪ್ರಾರ್ಥನೆಯೆಂದು ವಾದಿಸುವವರು, ಪ್ರಾರ್ಥಿಸಿದ ಕೂಡಲೇ ಯೇಸುಸ್ವಾಮಿಯೇ ಎದ್ದು, ಮಲಗಿದ್ದ ಶಿಷ್ಯರನ್ನು ಎಬ್ಬಿಸಿ, ಬಂಧಿಸಲು ಬರುತ್ತಿದ್ದವರಿಗೆ ಎದುರಾಗಿ ಹೊರಟದ್ದನ್ನು ಮರೆಯುತ್ತಾರೆ. ಎಲ್ಲವೂ ಯುಗಾಂತ್ಯದಲ್ಲಿ ಸರಿಹೋಗುವುದೆಂಬ ಇನ್ನೊಂದು ವಾದಕ್ಕೆ ಬೇಡಿಕೆಯಲ್ಲಿರುವ ಭೂಮಿಯ ಹೆಸರೇ ಸಾಕಷ್ಟು ಉತ್ತರ.

ಈ ಅರ್ಥವನ್ನು ಬದುಕಿ ತೋರಿಸಿದವರ ಹೆಜ್ಜೆ ಗಂಗೊಳ್ಳಿಯ ನೆಲದಲ್ಲಿಯೇ ಮೂಡಿದೆ. ಕೆಳದಿಯ ಅರಸ ಶಿವಪ್ಪ ನಾಯಕನ ಕಾಲದಲ್ಲಿ, 1650ರ ದಶಕದಲ್ಲಿ, ಕರಾವಳಿಯ ಪೋರ್ಚುಗೀಸ್ ಕೋಟೆಗಳು ಕೆಳದಿಯ ವಶವಾದ ಬಳಿಕ ಇಲ್ಲಿನ ಕ್ರೈಸ್ತರಿಗೆ ಧರ್ಮಗುರುಗಳ ಅಭಾವವಿತ್ತು, ಹಲವು ಇಗರ್ಜಿಗಳು ಪಾಳುಬಿದ್ದಿದ್ದವು. ಅದರ ಮೇಲೆ ಅಧಿಕಾರದ ಜಗಳವೊಂದು ಸೇರಿಕೊಂಡಿತು. ಪಾದ್ರುವಾದೊ, ಅಂದರೆ ಪೂರ್ವದೇಶಗಳ ಧರ್ಮಸಭೆಯ ಮೇಲೆ ಪೋರ್ಚುಗಲ್ಲಿನ ದೊರೆಗಿದ್ದ ಪೋಷಕತ್ವದ ಹಕ್ಕು, ಹಾಗೂ ಪ್ರೊಪಗಾಂದಾ ಫೀದೆ, ಅಂದರೆ ಧರ್ಮಪ್ರಸಾರದ ಮೇಲ್ವಿಚಾರಣೆಗೆಂದು 1622ರಲ್ಲಿ ರೋಮಿನಲ್ಲಿ ಸ್ಥಾಪನೆಯಾದ ಕಚೇರಿ, ಇವೆರಡೂ ಒಂದೇ ಜನರ ಮೇಲೆ ಅಧಿಕಾರ ಸಾಧಿಸುತ್ತಿದ್ದವು. ಯಾರು ಕೊಟ್ಟ ಸಂಸ್ಕಾರ ಸಿಂಧು ಎಂದು ಭಕ್ತರು ಗೊಂದಲಕ್ಕೆ ಬಿದ್ದಿದ್ದರು. ತಮ್ಮ ಪಕ್ಷದ ಗೆಲುವನ್ನೇ ದೇವರ ಚಿತ್ತವೆಂದು ತಿಳಿಯುವ ದೋಷ ಅಂದಿನದು ಮಾತ್ರವಲ್ಲ.

ಇಂಥ ಹೊತ್ತಿನಲ್ಲಿ, 1681ರಲ್ಲಿ, ಕೆನರಾ ಮಿಶನ್ನಿನ ಮುಖ್ಯಸ್ಥರಾಗಿ ಬಂದವರು ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಸಂತ ಜೋಸೆಫ್ ವಾಜ್. ಅದಕ್ಕೂ ಮೊದಲು, 1677ರಲ್ಲಿ, ತಾವು ಮಾತೆ ಮರಿಯಳ ಜೀತದಾಳೆಂದು ದಾಸ್ಯಪತ್ರವನ್ನೇ ಬರೆದುಕೊಟ್ಟಿದ್ದ ಅವರಿಗೆ ಅಧಿಕಾರಕ್ಕಿಂತ ಆಳಿನ ದುಡಿಮೆ ಪ್ರಿಯವಾಗಿತ್ತು. ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ 1684ರವರೆಗೆ ದುಡಿದ ಅವರು ಎರಡು ಪಕ್ಷಗಳ ನಡುವೆ ಶಾಂತಿಗಾಗಿ ಶ್ರಮಿಸಿ, ಮಂಗಳೂರಿನ ರೊಜಾರಿಯೊ ಇಗರ್ಜಿಯನ್ನು ಜೀರ್ಣೋದ್ಧಾರಗೊಳಿಸಿದರು. ಹೊನ್ನಾವರ, ಬಸ್ರೂರು, ಕುಂದಾಪುರ ಹಾಗೂ ಗಂಗೊಳ್ಳಿಗಳಲ್ಲಿ ಇಗರ್ಜಿ ಮತ್ತು ಶಾಲೆಗಳನ್ನು ಕಟ್ಟಿಸಿದರು. ತಾಸುಗಟ್ಟಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಸಂತರೇ ಊರೂರು ಅಲೆದು ಅಕ್ಷರಕ್ಕೆ ಸೂರು ಕಟ್ಟಿದರೆಂಬುದು ಇಲ್ಲಿ ಗಮನಿಸಬೇಕಾದ ಸಂಗತಿ; ಅವರ ಮಟ್ಟಿಗೆ ಪ್ರಾರ್ಥನೆ ಮತ್ತು ದುಡಿಮೆ ಒಂದೇ ವ್ರತದ ಎರಡು ಭಾಗಗಳು.

ಡಚ್ಚರ ನಿರ್ಬಂಧದಿಂದ ಶ್ರೀಲಂಕಾದ ಕಥೋಲಿಕರು ಗುರುಗಳಿಲ್ಲದೆ ಸೊರಗಿದ್ದಾಗ ವಾಜರು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ಹೋದರು. ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹರಡಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ಬೌದ್ಧರು ಕ್ರೈಸ್ತರು ಎಂಬ ಭೇದವೆಣಿಸದೆ ಅವರನ್ನು ತೊಳೆದು, ಉಣಿಸಿ, ಸತ್ತವರನ್ನು ಹೂಳಿದವರು ಈ ಗುರುಗಳು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡ ಅವರನ್ನು ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು.

ಇಂದು ಪ್ರೇಷಿತ ಕಾರ್ಯ, ಅಂದರೆ ಜನರು ಮಿಶನ್ ಎಂದು ಕರೆಯುವ ಸೇವೆ, ಸಂಶಯದ ವಸ್ತುವಾಗಿದೆ. ಅದನ್ನು ಮತಾಂತರದ ಲೆಕ್ಕವಾಗಿ ಮಾತ್ರ ಕಾಣುವ ವಿರೋಧಿಗಳಿದ್ದಾರೆ. ವಿಷಾದದ ಸಂಗತಿಯೆಂದರೆ, ಹಾಗೆಯೇ ಕಾಣುವ ಉತ್ಸಾಹಿಗಳೂ ಸಭೆಯೊಳಗಿದ್ದಾರೆ. ಇಬ್ಬರ ದೃಷ್ಟಿಯೂ ಕಿರಿದು. ಡಾಕ್ಟರ್ ಇವಾ ಲೊಂಬಾರ್ಡ್ ಅವರು 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಆಸ್ಪತ್ರೆಯನ್ನು ಜನರು ಇಂದಿಗೂ ಮಿಶನ್ ಆಸ್ಪತ್ರೆ ಎಂದೇ ಕರೆಯುತ್ತಾರೆ; ಮಿಶನ್ ಎಂದರೇನೆಂಬುದನ್ನು ಈ ಜಿಲ್ಲೆಯ ಜನ ಆರೈಕೆಯ ಮೂಲಕವೇ ಅರಿತಿದ್ದಾರೆ.

ಆದ್ದರಿಂದ ಸಭೆಗಳು ತಮ್ಮ ಪ್ರಾರ್ಥನೆಯನ್ನು ಗಂಟೆಗಳಿಂದ ಅಳೆಯುವುದನ್ನು ಬಿಟ್ಟು, ಅದು ಯಾರ ಮನೆಯ ಬಾಗಿಲಿಗೆ ತಮ್ಮನ್ನು ಕಳುಹಿಸಿತೆಂದು ವಿಚಾರಿಸಿಕೊಳ್ಳಬೇಕು. ಖಾರ್ವಿ, ಮುಸ್ಲಿಂ, ಕ್ರೈಸ್ತ ಕುಟುಂಬಗಳು ಒಂದೇ ಬಂದರನ್ನು ನಂಬಿ ಬದುಕುವ ಗಂಗೊಳ್ಳಿಯಂಥ ಊರಿನಲ್ಲಿ ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ನಿಲ್ಲುವುದೇ ದೇವರ ಚಿತ್ತ. ಅದನ್ನು ನಡೆಸುವ ಮನಸ್ಸಿಲ್ಲದೆ ಮೂರನೆಯ ಬೇಡಿಕೆಯನ್ನು ಉಚ್ಚರಿಸುವುದು ತಂದೆಗೆ ಹೋಗುತ್ತೇನೆಂದು ಹೇಳಿ ತೋಟಕ್ಕೆ ಹೋಗದ ಮಗನ ನಡತೆಯೇ ಸರಿ.