ಗುದ್ದಲಿ ಕೊಡಬಹುದೇ?

ಶ್ರಾವಕನಾದವನು ತನ್ನ ಮನೆಯ ಗುದ್ದಲಿಯನ್ನು ನೆರೆಯವರಿಗೆ ಎರವಲು ಕೊಡಬಹುದೇ? ಪ್ರಶ್ನೆ ಕ್ಷುಲ್ಲಕವೆಂದು ವಾಚಕರಿಗೆ ತೋರಬಹುದು. 74 ವರ್ಷ ಬದುಕಿದ ನನಗೂ ಕಳೆದ ಮಳೆಗಾಲದವರೆಗೆ ಅದೊಂದು ಪ್ರಶ್ನೆಯೆಂದೇ ಹೊಳೆದಿರಲಿಲ್ಲ. ಮೂಡುಬಿದಿರೆಯ ನಮ್ಮ ಬೀದಿಯಲ್ಲಿ ಗುದ್ದಲಿ, ಏಣಿ, ತೆಂಗಿನಕಾಯಿ ಸುಲಿಯುವ ಸಾಧನ ಇವುಗಳಿಗೆ ಒಡೆಯರಿರುತ್ತಾರೆಯೇ ಹೊರತು ಸ್ಥಿರವಾದ ಮನೆಯಿರುವುದಿಲ್ಲ. ಯಾರ ವಸ್ತು ಯಾರ ಹಿತ್ತಲಲ್ಲಿದೆಯೆಂದು ತಿಳಿಯಬೇಕಾದರೆ ಸಂಜೆ ಬಸದಿಯ ಜಗಲಿಯಲ್ಲಿ ವಿಚಾರಿಸಿದರಾಯಿತು.

ನನ್ನ ಹಿತ್ತಲು ದೊಡ್ಡದೇನಲ್ಲ. ಒಂದು ಬಸಳೆಯ ಚಪ್ಪರ, ನಾಲ್ಕು ಸಾಲು ಬೆಂಡೆ, ಅಲಸಂದೆ, ಎರಡು ಪಪ್ಪಾಯಿ ಮರ. ಬೇಲಿಯುದ್ದಕ್ಕೂ ದಾಸವಾಳ, ನಂದಬಟ್ಟಲು. ಬಾಗಿಲೆದುರು ಒಂದು ಪಾರಿಜಾತ. ಪಾರಿಜಾತದ ಮೇಲೆ ನನಗೆ ಹೆಚ್ಚಿನ ಪ್ರೀತಿ. ಅದು ತನ್ನ ಹೂವನ್ನು ತಾನೇ ಉದುರಿಸಿ ಕೊಡುತ್ತದೆ. ಕೀಳುವ ಪಾಪವನ್ನು ನಮಗೆ ಹೊರಿಸುವುದಿಲ್ಲ. ಉತ್ತರ ಭಾರತದ ನಮ್ಮ ತೇರಾಪಂಥಿ ಬಂಧುಗಳು ಪೂಜೆಗೆ ಹೂವಿನ ಬದಲಾಗಿ ಕೇಸರಿ ಬಣ್ಣದ ಅಕ್ಕಿಯನ್ನು ಅರ್ಪಿಸುತ್ತಾರೆ. ನಾವಾದರೋ ಹೂವಿನ ಪೂಜೆಯವರು. ಈ ವಿಷಯದಲ್ಲಿ ಬಂದ ಅತಿಥಿಗಳೊಡನೆ ನಾನು ಹಲವು ಬಾರಿ ವಾದಿಸಿ, ಪ್ರತಿಸಲವೂ ಊಟದ ಹೊತ್ತಿಗೆ ರಾಜಿ ಮಾಡಿಕೊಂಡಿದ್ದೇನೆ.

ತೋಟಗಾರಿಕೆಯೇ ಹಿಂಸೆಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಮಣ್ಣು ಪೃಥ್ವೀಕಾಯ, ನೀರು ಅಪ್ಕಾಯ, ಗಿಡ ವನಸ್ಪತಿಕಾಯ. ಗುದ್ದಲಿಯ ಒಂದೇಟಿಗೆ ಎಷ್ಟು ಜೀವಗಳೋ! ಆದರೆ ಕೃಷಿಯನ್ನು ಪ್ರಜೆಗಳಿಗೆ ಕಲಿಸಿದವನು ಸ್ವಯಂ ವೃಷಭದೇವನೆಂದು ನಮ್ಮ ಪುರಾಣಗಳೇ ಹೇಳುತ್ತವೆ. ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪಪೂರ್ವಕವಾದುದನ್ನು ಪೂರ್ಣವಾಗಿ ಬಿಡಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎಂದು ಹಿರಿಯರು ವ್ಯವಸ್ಥೆ ಮಾಡಿದ್ದಾರೆ. ನನ್ನ ಬಸಳೆ ಆರಂಭಿಯ ಲೆಕ್ಕಕ್ಕೆ ಸೇರುತ್ತದೆಂದು ನೆಮ್ಮದಿಯಿಂದಿದ್ದೆ. ಒಂದು ಸಂಗತಿ ಮಾತ್ರ ಆಗಾಗ ಚುಚ್ಚುತ್ತಿತ್ತು. ನೆಲದ ಮೇಲೆ ಜೀವರಾಶಿ ತುಂಬಿರುವುದೆಂಬ ಕಾರಣದಿಂದ ಮುನಿಗಳು ವಿಹಾರವನ್ನೇ ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕುಳಿತುಕೊಳ್ಳುತ್ತಾರೆ. ಕರಾವಳಿಯ ನಾವು ಗುದ್ದಲಿ ಹಿಡಿಯುವುದು ಸರಿಯಾಗಿ ಆ ದಿನಗಳಲ್ಲೇ.

ಇನ್ನು ಬಸವನಹುಳುವಿನ ವಿಷಯ. ನಮ್ಮ ಬೀದಿಗೆ ಕೆಲವು ವರ್ಷಗಳಿಂದ ಬರುತ್ತಿರುವುದು ಅಂಗೈ ಅಗಲದ ಆಫ್ರಿಕದ ಜಾತಿ. 1847ರಲ್ಲಿ ಬೆನ್ಸನ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಾಸಕ್ತನು ಮಾರಿಷಸ್ಸಿನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟುದರಿಂದ ಇದು ಭಾರತದಲ್ಲಿ ನೆಲೆಯೂರಿತೆಂದು ಓದಿದ್ದೇನೆ. ಹಗಲೆಲ್ಲ ಕಸದಡಿ, ಹಲಗೆಯಡಿ ಅಡಗಿದ್ದು ರಾತ್ರಿ ಹೊರಡುತ್ತದೆ. ಒಂದೇ ಸಲಕ್ಕೆ ನೂರಾರು ಮೊಟ್ಟೆಗಳನ್ನು ಮಣ್ಣಿನಲ್ಲಿ ಇಡುತ್ತದೆ. ಶಾಸ್ತ್ರದ ಪ್ರಕಾರ ಅದು ದ್ವೀಂದ್ರಿಯ. ಸ್ಪರ್ಶ, ರಸನ ಎರಡೇ ಇಂದ್ರಿಯಗಳು. ಆ ರಸನೇಂದ್ರಿಯದ ಪರಿಣತಿಯನ್ನು ನಾನು ಬಲ್ಲೆ. ಬಲಿತ ಎಲೆಯನ್ನು ಮೂಸಿಯೂ ನೋಡದೆ ಬಸಳೆಯ ಎಳೆಯ ಕುಡಿಯನ್ನೇ ಹುಡುಕಿ ತಿನ್ನುತ್ತದೆ.

ನನ್ನ ಕ್ರಮ ಅಹಿಂಸಾತ್ಮಕವಾಗಿತ್ತು. ಮುಂಜಾನೆ ಟಾರ್ಚು ಹಿಡಿದು, ಹುಳುಗಳನ್ನು ಒಂದೊಂದಾಗಿ ಎತ್ತಿ ಬಕೆಟ್ಟಿಗೆ ಹಾಕಿ, ಮನೆಯ ಹಿಂದಿನ ಖಾಲಿ ನಿವೇಶನದಲ್ಲಿ ಮೆತ್ತಗೆ ಬಿಟ್ಟು ಬರುತ್ತಿದ್ದೆ. ಅದರ ಒಡೆಯರು ಮುಂಬಯಿಯಲ್ಲಿರುವವರು. ಅಲ್ಲಿ ಬೇಕಾದಷ್ಟು ಕಾಡುಗಿಡಗಳಿವೆ. ಕೈತೊಳೆದು ಬಸದಿಗೆ ಹೊರಡುವಾಗ ಮನಸ್ಸಿಗೆ ಒಂದು ಬಗೆಯ ಹಗುರವೆನಿಸುತ್ತಿತ್ತು. ಈಗ ಯೋಚಿಸಿದರೆ ಅದು ಹಗುರವಲ್ಲ, ಹೆಮ್ಮೆ.

ಆಷಾಢದ ಒಂದು ಸಂಜೆ ಸ್ವಾಧ್ಯಾಯದಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕದ ಅನರ್ಥದಂಡವ್ರತದ ಭಾಗ ನಡೆದಿತ್ತು. ಪ್ರಯೋಜನವಿಲ್ಲದ ಪಾಪಗಳನ್ನು ಆಚಾರ್ಯರು ಐದು ಬಗೆಯಾಗಿ ಹೇಳುತ್ತಾರೆ. ಅವುಗಳಲ್ಲಿ ಒಂದು ಹಿಂಸಾದಾನ, ಅಂದರೆ ಹಿಂಸೆಯ ಸಾಧನಗಳನ್ನು ಇತರರಿಗೆ ಕೊಡುವುದು. ಕೊಡಲಿ, ಕತ್ತಿ, ಬೆಂಕಿ, ಸರಪಳಿ ಎಂದು ಸಾಗುವ ಪಟ್ಟಿಯಲ್ಲಿ ಖನಿತ್ರವೂ ಇದೆ. ಖನಿತ್ರವೆಂದರೆ ನೆಲ ಅಗೆಯುವ ಗುದ್ದಲಿ. ಐವತ್ತು ವರ್ಷಗಳಲ್ಲಿ ನಾನು ಎರವಲು ಕೊಟ್ಟ ಗುದ್ದಲಿಗಳೆಲ್ಲ ಒಂದರ ಹಿಂದೊಂದು ಕಣ್ಣಮುಂದೆ ಸಾಲುಗಟ್ಟಿ ನಿಂತವು.

ಮಾರನೆಯ ದಿನವೇ ನೆರೆಮನೆಯ ಬಾಯಮ್ಮ ಬೇಲಿಯ ಬಳಿ ಬಂದರು. ಅವರೂ ನನ್ನಂತೆ ನಿವೃತ್ತ ಶಿಕ್ಷಕಿ. ಕ್ರಿಸ್ಮಸ್ಸಿಗೆ ನಮ್ಮ ಮನೆಗಾಗಿ ಮೊಟ್ಟೆ ಹಾಕದ ತಿಂಡಿಯನ್ನು ಬೇರೆಯಾಗಿಯೇ ಮಾಡಿ ಕಳುಹಿಸುವವರು. “ಮಾಷ್ಟ್ರೇ, ನಿಮ್ಮ ಗುದ್ದಲಿ ಒಮ್ಮೆ ಬೇಕಿತ್ತಲ್ಲ. ಈ ಹುಳುಗಳ ಕಾಟ ತಡೆಯಲಿಕ್ಕಾಗುವುದಿಲ್ಲ. ಒಂದು ಗುಂಡಿ ತೋಡಿ, ಉಪ್ಪು ಸುರಿದು ಮುಚ್ಚಿಬಿಡುತ್ತೇನೆ” ಎಂದರು.

ನನಗೆ ಖನಿತ್ರ ನೆನಪಾಯಿತು. ಕೊಡುವುದಿಲ್ಲವೆನ್ನಲು ಬಾಯಿ ಬರಲಿಲ್ಲ. “ಅದರ ಕಾವು ಸಡಿಲವಾಗಿದೆ ಬಾಯಮ್ಮ, ಕೈಗೆ ಪೆಟ್ಟಾದೀತು” ಎಂದುಬಿಟ್ಟೆ.

ಕಾವು ಬಂಡೆಯಂತಿತ್ತು. ಮರುದಿನ ಬೆಳಿಗ್ಗೆ ಅವರು ಹೊಸ ಕಾವೊಂದನ್ನು ತಂದರು. ತಮ್ಮ ಮನೆಯ ಕಿಟಕಿ ಸರಿಮಾಡಲು ಬಂದಿದ್ದ ಬಡಗಿಯಿಂದ ಮಾಡಿಸಿದ್ದರಂತೆ. “ನಿಮಗೂ ಈ ವಯಸ್ಸಿನಲ್ಲಿ ಪೆಟ್ಟಾಗುವುದು ಬೇಡ” ಎಂದರು. ಅವರೆದುರೇ ಜಗಲಿಯಲ್ಲಿ ಕುಳಿತು, ಗಟ್ಟಿಯಾದ ಹಳೆಯ ಕಾವನ್ನು ಹತ್ತಾರು ಪೆಟ್ಟು ಹಾಕಿ ಹೊರಡಿಸಿ, ಹೊಸದನ್ನು ಕೂರಿಸಿದೆ. ಅಷ್ಟು ಪೆಟ್ಟು ಏಕೆ ಬೇಕಾಯಿತೆಂದು ಅವರು ಕೇಳಲಿಲ್ಲ. ಮಕ್ಕಳು ಮನೆಗೆಲಸ ಮಾಡದೆ ಬಂದು ಹೇಳುವ ಕಾರಣಗಳನ್ನು ಮೂವತ್ತು ವರ್ಷ ಕೇಳಿದವರು ಅವರು.

ಒಂದು ಅಣುವ್ರತದ ಅಂಚನ್ನು ಕಾಯಲು ಹೋಗಿ ಇನ್ನೊಂದರ ನಡುವನ್ನೇ ಮುರಿದಿದ್ದೆ. ಅಹಿಂಸೆಯೇ ಮುಖ್ಯ, ಸತ್ಯಾದಿಗಳು ಅದರ ಬೇಲಿ ಎಂದು ನನಗೆ ನಾನೇ ಹೇಳಿಕೊಂಡು ನೋಡಿದೆ. ಆದರೆ ನಾನು ಸುಳ್ಳು ಹೇಳಿದ್ದು ಹುಳುವನ್ನು ಉಳಿಸಲಿಕ್ಕೇ? ಅಲ್ಲ. ಹುಳು ಸಾಯಲಿ, ನನ್ನ ಗುದ್ದಲಿಯಿಂದ ಸಾಯದಿರಲಿ ಎಂಬುದಷ್ಟೇ ನನ್ನ ಕಾಳಜಿಯಾಗಿತ್ತು.

ಆ ವಾರ ಗ್ರಂಥಗಳನ್ನು ಹರಡಿಕೊಂಡು ಕುಳಿತೆ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಇದೇ ವಿಷಯವನ್ನು ಎತ್ತುತ್ತಾರೆ. ನೇಗಿಲು, ಆಯುಧ, ಬೆಂಕಿ, ಒನಕೆ, ಒರಳು ಇವನ್ನು ಕೊಡಬಾರದೆಂದು ಹೇಳುವಾಗ ಅವರು ‘ದಾಕ್ಷಿಣ್ಯ’ ಎಂಬ ಪದವನ್ನು ಬಳಸಿ ಒಂದು ಸಣ್ಣ ಬಾಗಿಲನ್ನು ತೆರೆದಿಟ್ಟಿದ್ದಾರೆ: ದಾಕ್ಷಿಣ್ಯದ ವ್ಯಾಪ್ತಿಗೆ ಬಾರದವರಿಗೆ ಕೊಡಬೇಡ ಎನ್ನುತ್ತಾರೆ. ಬಂಧುಗಳು, ನೆರೆಯವರು, ಕೊಟ್ಟು ತೆಗೆದುಕೊಳ್ಳುವವರು ಆ ವ್ಯಾಪ್ತಿಯೊಳಗಿನವರು. ಒಲೆಗೆ ಕೆಂಡವನ್ನೂ ಕೊಡದೆ ಊರಿನಲ್ಲಿ ಬಾಳಲು ಸಾಧ್ಯವೇ? ಆ ಮಹಾವಿದ್ವಾಂಸರಿಗೂ ನೆರೆಮನೆಯವರಿದ್ದಿರಬೇಕೆಂದು ನನಗೆ ಸಂತೋಷವಾಯಿತು. ಆದರೆ ಕೆಂಡವನ್ನು ಒಲೆಗೆ ಕೊಡುವುದು ಬೇರೆ. ಉಪ್ಪಿನ ಗುಂಡಿಗೆಂದು ಹೇಳಿಯೇ ಕೇಳಿದಾಗ ಗುದ್ದಲಿ ಕೊಡುವುದು ಬೇರೆ. ದಾಕ್ಷಿಣ್ಯ ಅಷ್ಟು ದೂರ ಹೋಗುವುದೆಂದು ನನಗೆ ಈಗಲೂ ಅನಿಸುವುದಿಲ್ಲ. ಬೆಂಡೆಯ ರಕ್ಷಣೆ ‘ವಿರೋಧಿ’ಯಲ್ಲಿ ಸೇರುವುದಿಲ್ಲವೇ ಎಂದು ಸ್ವಾಧ್ಯಾಯದ ಮಿತ್ರರೊಬ್ಬರು ಕೇಳಿದರು. ದಂಡೆತ್ತಿ ಬಂದ ಶತ್ರುವಿಗೆ ಹೇಳಿದ ಮಾತನ್ನು ಬಸವನಹುಳುವಿಗೆ ಹಚ್ಚಲು ನನಗೆ ನಗು ಬಂದಿತು.

ಹೀಗಿರುವಾಗ ಒಂದು ನಸುಕಿನಲ್ಲಿ ಪಾರಿಜಾತ ಆಯುತ್ತಿದ್ದೆ. ಮಳೆ ಬಿಟ್ಟಿತ್ತು. ಬಾಯಮ್ಮನ ಕಾಂಪೌಂಡಿನ ಗೋಡೆಯ ಮೇಲೆ ಬೆಳ್ಳಿಯ ಗೆರೆಗಳು ಹೊಳೆಯುತ್ತಿದ್ದವು. ಆ ಗೆರೆಗಳ ಜಾಡು ಹಿಡಿದು ಹೋದೆ. ಅವೆಲ್ಲ ಹೊರಟಿದ್ದುದು ಖಾಲಿ ನಿವೇಶನದಿಂದ. ನಾನು ದಿನವೂ ಬಕೆಟ್ಟು ಬೋರಲು ಹಾಕುತ್ತಿದ್ದ ಮೂಲೆಯಿಂದ.

ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳುವ ಮಾತೊಂದಿದೆ: ಹಿಂಸೆ ಮಾಡದೆಯೂ ಒಬ್ಬನು ಹಿಂಸೆಯ ಫಲಕ್ಕೆ ಭಾಜನನಾಗಬಲ್ಲನು, ಮಾಡಿಯೂ ಇನ್ನೊಬ್ಬನು ಆಗದಿರಬಲ್ಲನು. ಎಷ್ಟೋ ಬಾರಿ ಉಪನ್ಯಾಸಗಳಲ್ಲಿ ಉದಾಹರಿಸಿದ್ದೇನೆ. ನಾನು ಆ ಮೊದಲನೆಯವನಾಗಿರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಅಂದೇ ಹೋಗಿ ಬಾಯಮ್ಮನಿಗೆ ಎಲ್ಲವನ್ನೂ ಹೇಳಿದೆ, ಕಾವಿನ ವಿಷಯವನ್ನೂ ಸೇರಿಸಿ. ಕಾವಿನ ಮಾತಿಗೆ ಅವರು ನಕ್ಕರು. ಬಕೆಟ್ಟಿನ ಮಾತಿಗೆ ನಗಲಿಲ್ಲ. “ಅಂದರೆ ಮಾಷ್ಟ್ರೇ, ನೀವು ಕೊಲ್ಲುವುದಿಲ್ಲ, ನನ್ನ ಕೈಯಲ್ಲಿ ಕೊಲ್ಲಿಸುತ್ತೀರಿ ಎಂದಾಯಿತು” ಎಂದರು. ಕೃತ, ಕಾರಿತ, ಅನುಮೋದಿತವೆಂಬ ಮೂರು ಪದಗಳನ್ನು ಅವರು ಎಂದೂ ಕೇಳಿದವರಲ್ಲ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಎರಡೂ ಹಿತ್ತಲುಗಳ ಕೊಳೆತ ಸೋಗೆ, ಹಲಗೆ, ಇಟ್ಟಿಗೆಯ ರಾಶಿಗಳನ್ನು ತೆಗೆಸಿದೆವು. ಅಡಗಲು ತಾಣವಿಲ್ಲದಿದ್ದರೆ ಹುಳು ನಿಲ್ಲುವುದು ಕಡಿಮೆ. ಬೆಂಡೆಯ ಸಸಿಗಳನ್ನು ಕುಂಡಗಳಲ್ಲಿ ಹಾಕಿ ಮಾಡಿನಡಿ ಇಟ್ಟು ಸುತ್ತ ಬೂದಿ ಹರಡಿದೆವು. ಮಳೆ ಬೀಳದಲ್ಲಿ ಮಾತ್ರ ಬೂದಿ ನಿಲ್ಲುತ್ತದೆ. ನಿವೇಶನದ ಒಡೆಯರಿಗೆ ಫೋನು ಮಾಡಿ, ಮುಂದಿನ ಮಳೆಗೆ ಮೊದಲೇ ಪೊದೆ ಸವರಿಸಲು ಒಪ್ಪಿಸಿದೆವು. ಪೊದೆ ಸವರುವುದೂ ಹಿಂಸೆಯೇ ಎಂಬುದನ್ನು ಬಲ್ಲೆ. ನಡುವೆ ನನಗೊಂದು ಯೋಜನೆಯೂ ಹೊಳೆದಿತ್ತು: ಹುಳುಗಳಿಗೆಂದೇ ಬೇಲಿ ಹಾಕಿ, ಪಪ್ಪಾಯಿ ಎಲೆ ತಿನ್ನಿಸಿ ಸಾಕುವ ಒಂದು ಪಿಂಜರಾಪೋಳ. ರಜೆಗೆ ಬಂದಿದ್ದ ಮೊಮ್ಮಗನು ಮೊಟ್ಟೆಗಳ ಗುಣಾಕಾರ ಮಾಡಿ ತೋರಿಸಿದನು. ನಮ್ಮ ಮನೆಯವರು ಆ ಕಾಗದವನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿದ್ದಾರೆ.

ಹುಳುಗಳು ಕಡಿಮೆಯಾದವು, ಇಲ್ಲವಾಗಲಿಲ್ಲ. ಸಿಕ್ಕಿದವನ್ನು ಈಗ ಬಕೆಟ್ಟಿನಲ್ಲಿಟ್ಟುಕೊಂಡು ನಾನು ಏನು ಮಾಡಬೇಕು? ದೂರದ ಕಾಡಿಗೆ ಬಿಟ್ಟರೆ ಬೆನ್ಸನ್ನನ ಕೆಲಸವನ್ನೇ ಮುಂದುವರಿಸಿದಂತೆ. ನನ್ನ ಹಿತ್ತಲಲ್ಲೇ ಬಿಟ್ಟು, ಬಸಳೆಯ ಒಂದು ಪಾಲು ಅವುಗಳದೆಂದು ಒಪ್ಪಿಕೊಂಡಿದ್ದೇನೆ. ಬಾಯಮ್ಮ ಒಪ್ಪಿಕೊಂಡಿಲ್ಲ. ಅವರ ಹಿತ್ತಲಲ್ಲಿ ಕೆಲವು ರಾತ್ರಿ ಉಪ್ಪು ಬೀಳುತ್ತದೆಂದು ನನಗೆ ಗೊತ್ತು; ನನಗೆ ಗೊತ್ತೆಂದು ಅವರಿಗೂ ಗೊತ್ತು. ಗುಂಡಿಗೆ ಮಾತ್ರ ಮತ್ತೆ ಗುದ್ದಲಿ ಕೇಳಿಲ್ಲ.

ಗುದ್ದಲಿ ಈಗ ನಮ್ಮಿಬ್ಬರ ನಡುವಿನ ಬೇಲಿಗೆ ಒರಗಿಕೊಂಡಿರುತ್ತದೆ. ನನ್ನನ್ನು ಸಂಕಟಕ್ಕೀಡುಮಾಡಬಾರದೆಂದು ಬಾಯಮ್ಮ ಅದನ್ನು ಕೇಳದೆಯೇ ಒಯ್ಯತೊಡಗಿದರು. ಕೇಳದೆ ಒಯ್ದರೆ ಅದು ಅದತ್ತಾದಾನ, ಅವರಿಗೆ ದೋಷ ತಟ್ಟುತ್ತದೆ ಎಂದು ವಿವರಿಸಿ, ಬೇಕಾದಾಗ ಒಯ್ಯಿರೆಂದು ಅನುಮತಿ ಕೊಟ್ಟೆ. ಕೊಟ್ಟ ಮೇಲೆ ಅದು ಪುನಃ ದಾನವಾಯಿತಲ್ಲ ಎಂಬುದು ಬಸದಿಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ಕಾವು ಅವರದು, ಕಬ್ಬಿಣ ನನ್ನದು. ಬರುವ ಆಷಾಢದ ಸ್ವಾಧ್ಯಾಯದಲ್ಲಿ ಇದನ್ನು ಕೇಳಬೇಕೆಂದಿದ್ದೇನೆ.