ಇಂದಿನ ಧಮ್ಮ ಚಿಂತನೆ: ಪಟಾಚಾರಾಳ ದುಃಖ ಕೇಳಿದವರು





ಹೆರಿಗೆಯಾದ ಮನೆಗೆ 42 ದಿನಗಳೊಳಗೆ ಆರು ಸಲ ಹೋಗುವುದು ಆಶಾ ಕಾರ್ಯಕರ್ತೆಯಾದ ನನ್ನ ಕೆಲಸ. ಮಗುವಿನ ತೂಕ ನೋಡುತ್ತೇನೆ, ಹಾಲು ಸಾಕಾಗುತ್ತಿದೆಯೇ ಎಂದು ಕೇಳುತ್ತೇನೆ. ಬಂದ ನೆಂಟರೂ ಮಗುವನ್ನೇ ನೋಡಿ ಹೋಗುತ್ತಾರೆ. "ನಿನಗೆ ಹೇಗಿದೆ ತಾಯಿ?" ಎಂದು ಬಾಣಂತಿಯನ್ನು ಕೇಳುವವರು ಕಡಿಮೆ. ನಾನು ಕೇಳಿದಾಗ ಕೆಲವರು ಮಾತಿಗೆ ಮೊದಲೇ ಅತ್ತುಬಿಡುತ್ತಾರೆ.

ಹೆರಿಗೆಯಾದ ಹೊಸದರಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ಅದು ನಿಲ್ಲದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಖಿನ್ನತೆಯಿರಬಹುದು. ಅದು ಅವಳ ತಪ್ಪಲ್ಲ, ಅದಕ್ಕೆ ಚಿಕಿತ್ಸೆಯೂ ಇದೆ.

ಹಿಂದೆ ಇದಕ್ಕೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳ ದಾರಿಗೆ ಬಂದ ನಾವು ಅದನ್ನೆಲ್ಲ ಬಿಟ್ಟೆವು. ಬಿಟ್ಟ ಜಾಗದಲ್ಲಿ ಏನಿಟ್ಟೆವು? ಎಷ್ಟೋ ಮನೆಗಳಲ್ಲಿ ಮೌನವನ್ನಿಟ್ಟಿದ್ದೇವೆ. "ಭೀಮನ ಮಕ್ಕಳು ಗಟ್ಟಿಯಾಗಿರಬೇಕು, ಅಳಬಾರದು" ಎನ್ನುವವರಿದ್ದಾರೆ. ಆದರೆ ದುಃಖವಿದೆ ಎಂದು ಒಪ್ಪುವುದೇ ಮೊದಲ ಆರ್ಯಸತ್ಯ.

ಪಟಾಚಾರಾಳನ್ನು ನೆನೆಯಿರಿ. ಗಂಡ, ಇಬ್ಬರು ಮಕ್ಕಳು, ತವರಿನವರು, ಎಲ್ಲರನ್ನೂ ಕಳೆದುಕೊಂಡು ಮೈಮೇಲೆ ಬಟ್ಟೆಯ ಅರಿವೂ ಇಲ್ಲದೆ ಶ್ರಾವಸ್ತಿಯಲ್ಲಿ ಅಲೆಯುತ್ತಿದ್ದಳು. ಜನ ಹುಚ್ಚಿ ಎಂದು ಓಡಿಸಿದರು. ಜೇತವನದಲ್ಲೂ ಅವಳನ್ನು ತಡೆಯಲು ಹೋದವರಿದ್ದರು. ಭಗವಾನರು ತಡೆಯಗೊಡಲಿಲ್ಲ. ಹತ್ತಿರ ಬರಲು ಬಿಟ್ಟರು, ತಂಗಿಯೇ ಎಂದು ಕರೆದು ಅರಿವು ತಂದುಕೊಳ್ಳಲು ಹೇಳಿದರು, ಅವಳ ದುಃಖವನ್ನು ಕೇಳಿದರು. ಮುಂದೆ ಅದೇ ಪಟಾಚಾರಾ ಭಿಕ್ಖುಣಿಯಾಗಿ, ಮಕ್ಕಳನ್ನು ಕಳೆದುಕೊಂಡ ಎಷ್ಟೋ ತಾಯಂದಿರನ್ನು ಸಂತೈಸಿದಳು.

ಇಂದು ಹೀಗೆ ಕೇಳುವುದನ್ನೇ ಕಲಿತು ಕೆಲಸ ಮಾಡುವವರು ಆಪ್ತಸಮಾಲೋಚಕರು. ಅವರು ನಮ್ಮೊಬ್ಬರ ಜೊತೆಗೇ ಕೂತು ಮಾತಾಡುತ್ತಾರೆ. ತೀರ್ಪು ಕೊಡುವುದಿಲ್ಲ, ಪಂಚಾಯ್ತಿ ಮಾಡುವುದಿಲ್ಲ. ದುಃಖ ಯಾವುದು, ಅದು ಎಲ್ಲಿಂದ ಬಂತು, ಕಡಿಮೆಯಾಗುವ ದಾರಿ ಯಾವುದು ಎಂದು ನಾವೇ ಕಾಣುವಂತೆ ಮಾಡುತ್ತಾರೆ. ಇದು ನಮಗೆ ಗೊತ್ತಿರುವ ಕ್ರಮವೇ ಅಲ್ಲವೇ?

ಇದು ಬಾಣಂತಿಯರಿಗೆ ಮಾತ್ರವಲ್ಲ. ಅಪ್ಪನಾದ ಮೇಲೆ ಸಿಡುಕುವ ಗಂಡಸಿಗೆ, ಕೆಲಸ ಹೋದವರಿಗೆ, ಹಳ್ಳಿ ಬಿಟ್ಟು ನಗರ ಸೇರಿ ಒಂಟಿಯಾದವರಿಗೂ ಬೇಕು. ಗಂಡ ಬರಲೊಪ್ಪದಿದ್ದರೆ ಹೆಂಡತಿ ಒಬ್ಬಳೇ ಹೋಗಬಹುದು. ಒಬ್ಬರು ಉತ್ತರಿಸುವ ರೀತಿ ಬದಲಾದರೂ ಜಗಳದ ದಾರಿ ಬದಲಾಗಬಹುದು. ಆದರೆ ಹೊಡೆತ ತಿನ್ನುವವಳಿಗೆ ತಾಳ್ಮೆ ಕಲಿಸುವುದು ಸಮಾಲೋಚನೆಯಲ್ಲ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

"ಊರಿಗೆಲ್ಲ ಗೊತ್ತಾದರೆ?" ಎಂಬ ಭಯ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. "ನಮ್ಮ ಜಾತಿಯ ನೋವು ಅವರಿಗೆ ಅರ್ಥವಾದೀತೇ?" ಎಂಬ ಪ್ರಶ್ನೆ ನ್ಯಾಯವಾದದ್ದು. ಅವಮಾನದ ಮಾತನ್ನು ಹಗುರ ಮಾಡುವವರಾದರೆ ಬೇರೆಯವರನ್ನು ಹುಡುಕಿ. ಎಹಿಪಸ್ಸಿಕೋ, ಬಂದು ನೋಡಿ ಎನ್ನುವ ಧಮ್ಮ ನಮ್ಮದು. ಪರೀಕ್ಷಿಸಿ ಒಪ್ಪುವುದು ನಮ್ಮ ರೂಢಿ.

ಧ್ಯಾನ ಮಾಡಿ, ವಂದನೆ ಹೇಳಿ. ಆದರೆ ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವ ನಾವು ಮನಸ್ಸಿನ ಕಾಯಿಲೆಗೆ ಧ್ಯಾನವೊಂದೇ ಸಾಕು ಎನ್ನಬಾರದು.

📞 ಟೆಲಿ ಮಾನಸ್: 14416. ಸರ್ಕಾರದ್ದು, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿ ಸಾಯುವ ಮಾತಾಡಿದರೆ, ಇಲ್ಲದ್ದು ಕಾಣುತ್ತಿದೆ, ಕೇಳುತ್ತಿದೆ ಎಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

*ಇಂದಿನ ಅಭ್ಯಾಸ:* ಮನೆಯಲ್ಲಿ ಒಬ್ಬರನ್ನು "ನಿನಗೆ ಹೇಗಿದೆ?" ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ಬುದ್ಧಿಮಾತು ಹೇಳದೆ ಕೂತಿರಿ.

ಭವತು ಸಬ್ಬ ಮಂಗಲಂ 🌼